ಅಣು ಬಾಗಿದರೆ ಭದ್ರಾ ನೀರು ಬರುತ್ತಾ?

ಓದುಗರ ಪತ್ರ: ಸಂಪಾದಕರೇ, ಹೋದ ಸಂಚಿಕೆಯಲ್ಲಿ ನೆದರ್ಲೆಂಡ್ಸಿನ ಕೆಮಿಸ್ಟ್ ಬೆನ್ ಫೆರಿಂಗಾ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಬೆಳಕು ಬಿದ್ದರೆ ತಿರುಗುವ ಅಣು ಮಾಡಿ ನೊಬೆಲ್ ಪಡೆದರಂತೆ. ಸಂತೋಷ. ಆದರೆ ಅದನ್ನು ಓದಿ ನನ್ನ ಮೊಮ್ಮಗಳ ತಲೆ ಕೆಟ್ಟಿದೆ. ದಾವಣಗೆರೆಯಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿದ್ದಾಳೆ. ಬೆಂಗಳೂರಿನ ಔಷಧ ಕಂಪನಿಯಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸ ಸಿಕ್ಕಿದೆ. ಬೇಡವಂತೆ. ಇಂಥ ಅಣುಗಳ ಮೇಲೇ ಪಿಎಚ್‌ಡಿ ಮಾಡುತ್ತಾಳಂತೆ. ಒಬ್ಬ ಮನುಷ್ಯ ಜೀವಮಾನವಿಡೀ ಅಣು ತಿರುಗಿಸುತ್ತಾ ಕೂತರೆ ಯಾರಿಗೆ ಏನು ಬಂತು? ಅಣು ಬಾಗಿದರೆ ನಮ್ಮ ಜಿಲ್ಲೆಗೆ ಭದ್ರಾ ಮೇಲ್ದಂಡೆ ನೀರು ಬರುತ್ತಾ?
ನಿವೃತ್ತ ಗಣಿತ ಮೇಷ್ಟ್ರು, ಚಿತ್ರದುರ್ಗ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಕೊನೆಯ ಸಾಲನ್ನು ಕಚೇರಿಯಲ್ಲಿ ಜೋರಾಗಿ ಓದಿದೆ. ಎಲ್ಲರೂ ನಕ್ಕರು. ಪುಟಕ್ಕೆ ಒಳ್ಳೇ ತಲೆಬರಹ ಸಿಕ್ಕಿತು, ಅದಕ್ಕೆ ಮೊದಲು ಥ್ಯಾಂಕ್ಸ್.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಪಿಎಚ್‌ಡಿ ಅಂದರೆ ಐದಾರು ವರ್ಷದ ಬಾಬತ್ತು. ಫೆಲೋಶಿಪ್ ಹಣ ಹೊತ್ತಿಗೆ ಸರಿಯಾಗಿ ಬರುವುದು ಅಪರೂಪ. ಮುಗಿಸಿದ ಮೇಲೆ ಕೆಲಸ ಎಲ್ಲಿ ಅಂದರೆ ಗೈಡುಗಳೂ ಆಕಾಶ ನೋಡುತ್ತಾರೆ. ಕ್ವಾಲಿಟಿ ಕಂಟ್ರೋಲಿನಲ್ಲಿ ತಿಂಗಳು ತಿಂಗಳು ಸಂಬಳ. ಎಲ್ಲ ಒಪ್ಪಿದೆ. ಇನ್ನು ನನ್ನ ಸರದಿ.

ಭದ್ರಾ ಮೇಲ್ದಂಡೆಯ ಮಾತು ನೀವೇ ತೆಗೆದಿರಿ. ಆ ನೀರಿಗೆ ನಾವು ಎಷ್ಟು ಚುನಾವಣೆ ಕಾದಿಲ್ಲ? ಪ್ರತಿ ಸಲ ಭಾಷಣ ಕೇಳಿ, ಚಪ್ಪಾಳೆ ಹೊಡೆದು ಮನೆಗೆ ಬಂದಿದ್ದೇವೆ. ಅಷ್ಟು ತಾಳ್ಮೆ ಇರುವ ಜನಕ್ಕೆ ಅಣುವಿನ ವಿಷಯ ಬಂದರೆ ಮಾತ್ರ ನಾಳೆ ಬೆಳಿಗ್ಗೆಯೇ ಲಾಭ ಕಾಣಬೇಕು. ಇದು ಯಾವ ನ್ಯಾಯ?

ಫೆರಿಂಗಾ ಲೇಖನವನ್ನು ನೀವು ನೊಬೆಲ್ ಕಥೆ ಅಂತ ಓದಿದ್ದೀರಿ. ನಾನು ಅದನ್ನು ಹಾಕಿದ್ದು ಅದಕ್ಕಲ್ಲ. ಆತ ರೈತರ ಮನೆಯ ಹುಡುಗ, ಹತ್ತು ಮಕ್ಕಳಲ್ಲಿ ಎರಡನೆಯವರು. 1977ರಲ್ಲಿ, ಇನ್ನೂ ಪಿಎಚ್‌ಡಿ ಮಾಡುತ್ತಿದ್ದಾಗಲೇ, ಗೈಡ್ ಹಾನ್ಸ್ ವೈನ್‌ಬರ್ಗ್ ಜೊತೆ ಒಂದು ವಿಚಿತ್ರ ಅಣುವಿನ ಬಗ್ಗೆ ಬರೆದರು. ಎರಡು ದೊಡ್ಡ ತುಂಡುಗಳು, ನಡುವೆ ಒಂದು ಜೋಡಿ ಬಂಧ. ಕೆಂಪು ಬಸ್ಸಿನ ಇಬ್ಬರ ಸೀಟಿನಲ್ಲಿ ಇಬ್ಬರು ದಪ್ಪ ಆಸಾಮಿಗಳು ಕೂತ ಹಾಗೆ ಜಾಗ ಸಾಲದೆ ಎರಡೂ ತಿರುಚಿಕೊಂಡಿರುತ್ತವೆ. ಆಮೇಲೆ ಕೆಲವು ವರ್ಷ ಶೆಲ್ ಕಂಪನಿಯಲ್ಲಿ ಕೆಲಸ ಮಾಡಿದರು. 1984ರಲ್ಲಿ ಗ್ರೋನಿಂಗೆನ್ ವಿಶ್ವವಿದ್ಯಾಲಯಕ್ಕೆ ವಾಪಸ್ ಬಂದರು. ಆ ತಿರುಚಿಕೊಂಡ ಅಣುವಿನ ವಂಶದಲ್ಲೇ 1999ರಲ್ಲಿ ಮೋಟಾರು ಹುಟ್ಟಿತು. ಬೆಳಕು ಬಿದ್ದಾಗ ಅಣು ಅರ್ಧ ತಿರುಗುತ್ತದೆ, ಶಾಖ ಅದನ್ನು ಹಿಂದಕ್ಕೆ ಹೋಗದ ಹಾಗೆ ಮುಂದೆ ತಳ್ಳುತ್ತದೆ. ಬೆಳಕು, ಶಾಖ, ಬೆಳಕು, ಶಾಖ: ನಾಲ್ಕು ಹೆಜ್ಜೆಗೆ ಒಂದು ಸುತ್ತು. ಮೊದಲ ಮೋಟಾರಿಗೆ ಸುತ್ತು ಮುಗಿಸಲು 60 ಡಿಗ್ರಿ ಶಾಖ ಬೇಕಿತ್ತು. 2014ರ ಹೊತ್ತಿಗೆ ಸೆಕೆಂಡಿಗೆ 1.2 ಕೋಟಿ ಸುತ್ತು. ಎರಡು ವರ್ಷದ ಮೇಲೆ ನೊಬೆಲ್, ಅದೂ ಇನ್ನಿಬ್ಬರ ಜೊತೆ ಹಂಚಿಕೊಂಡು. 1999ರಲ್ಲಿ 1977 ಕಳೆದರೆ ಎಷ್ಟು ಅಂತ ಗಣಿತ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ ಅಲ್ವಾ?

ಅದೇನೂ ಜಾಸ್ತಿ ಅಲ್ಲ. ಅಜೋಬೆಂಜೀನ್ ಅಂತ ಒಂದು ಕಿತ್ತಳೆ ಬಣ್ಣದ ಪುಡಿ ಇದೆ. ಬಟ್ಟೆಗೆ ಹಾಕುವ ಎಷ್ಟೋ ಬಣ್ಣಗಳು ಅದರ ನೆಂಟರು. ಗಿರಣಿಗಳಿಂದಲೇ ಬೆಳೆದ ದಾವಣಗೆರೆಯಲ್ಲಿ ಆ ಬಣ್ಣಗಳನ್ನು ಉಡದವರು ಯಾರು? ಜರ್ಮನಿಯ ಮಿಟ್ಷರ್ಲಿಖ್ ಅದನ್ನು 1834ರಲ್ಲೇ ಮಾಡಿದ್ದರು. ಬೆಳಕು ಬಿದ್ದರೆ ಅದು ಬಾಗುತ್ತದೆ ಅಂತ ಗೊತ್ತಾಗಿದ್ದು 1937ರಲ್ಲಿ. ಹಾರ್ಟ್ಲಿ ಎಂಬ ಕೆಮಿಸ್ಟ್ ಅಳತೆ ತೆಗೆಯುತ್ತಿದ್ದಾಗ ಲೆಕ್ಕಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹುಡುಗನ ಕೈತಪ್ಪು ಅಂತ ಬೈದು ಮುಗಿಸುತ್ತಿದ್ದರು. ಅವರು ಬೆಳಕನ್ನೇ ಅನುಮಾನಿಸಿದರು. ನೂರಕ್ಕೂ ಹೆಚ್ಚು ವರ್ಷ ಪುಡಿ ಬಾಟಲಿಯಲ್ಲೇ ಇತ್ತು, ಕಿಟಕಿಯ ಬಿಸಿಲೂ ಇತ್ತು.

ನಿಮ್ಮ ಮೊಮ್ಮಗಳು ಹೋಗಬೇಕೆಂದಿರುವುದು ಎಂಥ ಕೆಲಸಕ್ಕೆ ಅಂತ ನಿಮಗೆ ಅಂದಾಜಿದೆಯೇ? ಬೆಂಗಳೂರಿನ ಅಂಥದೊಂದು ಲ್ಯಾಬಿಗೆ ನಾನು ಹೋಗಿದ್ದೆ. ಫ್ಲಾಸ್ಕುಗಳಿಗೆಲ್ಲ ಅಲ್ಯೂಮಿನಿಯಂ ಫಾಯಿಲ್ ಸುತ್ತಿಟ್ಟಿದ್ದರು. ಟ್ಯೂಬ್‌ಲೈಟ್ ಆರಿಸಿ, ಮಂಕು ಕೆಂಪು ದೀಪದಲ್ಲಿ ಒಬ್ಬ ಹುಡುಗಿ ಕಾಲಂ ಹಾಕುತ್ತಿದ್ದಳು. ಉದ್ದನೆಯ ಗಾಜಿನ ಕೊಳವೆ, ಒಳಗೆ ಬಿಳೀ ಸಿಲಿಕಾ. ಮೇಲಿಂದ ದ್ರಾವಣ ಹನಿಸುತ್ತಾ ಹೋದರೆ ಬೇಕಾದದ್ದು, ಬೇಡವಾದದ್ದು ಬೇರೆ ಬೇರೆ ಪಟ್ಟಿಯಾಗಿ ಕೆಳಗಿಳಿಯುತ್ತವೆ. ಸಾಲು ಸಾಲು ಟೆಸ್ಟ್ ಟ್ಯೂಬಿನಲ್ಲಿ ಹಿಡಿಯಬೇಕು. ದೀಪ ಹಾಕಿದರೆ ಮಾಡಿದ ಮಾಲೇ ಬೇರೆಯಾಗುತ್ತದೆ. ಅಷ್ಟೆಲ್ಲ ಆದ ಮೇಲೆ ಕೈಗೆ ಬರುವುದು ಒಂದು ಚಿಟಿಕೆ ಪುಡಿ.

ಆಕೆ ಇನ್ನೊಂದು ಪುಟ್ಟ ಬಾಟಲಿ ತೆಗೆದಳು. ಡೈಅರೈಲ್ಎಥೀನ್ ಅಂತ ಅದರ ಹೆಸರು. ಜಪಾನಿನ ಮಸಾಹಿರೊ ಇರಿಯೆ ಜೀವಮಾನವಿಡೀ ಬೆನ್ನು ಹತ್ತಿದ ಅಣುಗಳ ಗುಂಪು. ಒಳಗೆ ನೀರಿನಂಥ ದ್ರಾವಣ. ಯುವಿ (ನೇರಳಾತೀತ ಬೆಳಕಿನ) ಲ್ಯಾಂಪಿನ ಕೆಳಗೆ ಹಿಡಿದಳು, ನೋಡನೋಡುತ್ತಲೇ ಕಡು ನೀಲಿ. ಕತ್ತಲಲ್ಲಿಟ್ಟರೆ ನೀಲಿ ಹಾಗೇ ಉಳಿಯುತ್ತದೆಯಂತೆ. ಬಿಳೀ ದೀಪಕ್ಕೆ ಒಡ್ಡಿದಳು, ನಿಧಾನಕ್ಕೆ ಬಣ್ಣ ಹೋಯಿತು. 'ಸರ್, ಇನ್ನೊಂದು ಸಲ ನೋಡ್ತೀರಾ?' ಅಂದಳು. ನೋಡಿದೆ, ಮತ್ತೆ ಮತ್ತೆ ಮಾಡಿಸಿ ನೋಡಿದೆ. ನೀವಿದ್ದರೂ ಹಾಗೇ ಮಾಡುತ್ತಿದ್ದಿರಿ.

ಪ್ರಯೋಜನ ಪ್ರಯೋಜನ ಅಂತೀರಲ್ಲ, ಬಿಸಿಲಿಗೆ ಕಪ್ಪಾಗುವ ಕನ್ನಡಕ ನಿಮ್ಮ ಬೀದಿಯಲ್ಲೇ ಎಷ್ಟು ಜನರ ಮೂಗಿನ ಮೇಲಿಲ್ಲ? ಅದರ ಪ್ಲಾಸ್ಟಿಕ್ ಗ್ಲಾಸಿನಲ್ಲಿರುವುದು ಇಂಥದೇ ಅಣುಗಳು. ಬೆಳಕಿನ ಯುವಿ ಅಣುವನ್ನು ಬಣ್ಣದ ರೂಪಕ್ಕೆ ತರುತ್ತದೆ, ಶಾಖ ಮೊದಲಿನ ರೂಪಕ್ಕೆ ಎಳೆಯುತ್ತದೆ. ಅದಕ್ಕೇ ಏಪ್ರಿಲ್ ಸೆಕೆಯಲ್ಲಿ ಅದು ಚಳಿಯಲ್ಲಿ ಆದಷ್ಟು ಕಪ್ಪಾಗುವುದಿಲ್ಲ. ಗಿರಾಕಿಗಳು ಅಂಗಡಿಯವನಿಗೆ ಸುಮ್ನೆ ಬೈತಾರೆ. ಇನ್ನು ನಿಮ್ಮ ಕಣ್ಣು. ಈ ಸಾಲು ಕಾಣುತ್ತಿದೆ ಅಂದರೆ ಒಳಗೆ ರೆಟಿನಲ್ ಅಣು ಬೆಳಕಿಗೆ ಬಾಗಿದ ರೂಪದಿಂದ ನೆಟ್ಟಗಾಗುತ್ತಿದೆ. ಜಾರ್ಜ್ ವಾಲ್ಡ್ ಇದನ್ನು ಬಿಡಿಸಿ 1967ರಲ್ಲಿ ನೊಬೆಲ್ ಪಡೆದರು. ಅಣು ಬಾಗಿ ಏನು ಬಂತು ಅಂತ ಕೇಳುವ ಪತ್ರ ಬರೆಯಲೂ ಅಣುವೇ ಬೇಕಾಯಿತು.

ನಮ್ಮವರ ಕಥೆಯನ್ನೂ ಕೇಳಿ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ತಟ್ಟೆಯಾಕಾರದ ಅಣುಗಳಿಂದಲೂ ಲಿಕ್ವಿಡ್ ಕ್ರಿಸ್ಟಲ್, ಅಂದರೆ ದ್ರವದಂತೆ ಹರಿದರೂ ಒಳಗೆ ಹರಳಿನ ಹಾಗೆ ಶಿಸ್ತಿರುವ ವಸ್ತು, ಆಗುತ್ತದೆ ಅಂತ ತೋರಿಸಿದರು. (ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ.) ಪ್ರಬಂಧ ಬಂದದ್ದು ನಮ್ಮದೇ 'ಪ್ರಮಾಣ' ಪತ್ರಿಕೆಯಲ್ಲಿ. ಅಂಥ ಅಣುಗಳ ಹಾಳೆಯನ್ನು ಮುಂದೆ ಎಲ್‌ಸಿಡಿ ಪರದೆಗಳಿಗೆ ಅಂಟಿಸಿದರು, ಓರೆಯಿಂದ ನೋಡಿದರೂ ಚಿತ್ರ ಕಾಣಲಿ ಅಂತ. ಆ ಅಣುಗಳನ್ನು ಫ್ಲಾಸ್ಕಿನಲ್ಲಿ ಕಟ್ಟಿದ ಕೆಮಿಸ್ಟ್ ಸದಾಶಿವ. ನೀವು ಪಾಠ ಮಾಡಿದ ಯಾವ ಶಾಲೆಯ ಗೋಡೆಯ ಮೇಲೆ ಅವರ ಫೋಟೊ ಇತ್ತು ಮೇಷ್ಟ್ರೇ? ನಮಗೆ ಯಂತ್ರ ನಡೆಸುವವರು ಗೊತ್ತು, ಆಪರೇಷನ್ ಮಾಡುವವರು ಗೊತ್ತು. ಕೈಯಾರೆ ಹೊಸ ವಸ್ತು ಕಟ್ಟುವವರು ಮಾತ್ರ ಲೆಕ್ಕಕ್ಕಿಲ್ಲ.

ಜಿಲ್ಲೆಗೆ ಏನು ಅಂತ ಕೇಳಿದಿರಿ. ಇಟಲಿಯ ಚಾಮಿಚಿಯಾನ್ ಬೊಲೊನ್ಯಾದಲ್ಲಿ ತಮ್ಮ ಲ್ಯಾಬಿನ ಮಾಳಿಗೆ ಮೇಲೆ ಫ್ಲಾಸ್ಕುಗಳನ್ನು ಬಿಸಿಲಿಗಿಟ್ಟು ಕೆಮಿಸ್ಟ್ರಿ ಮಾಡಿದವರು. 1912ರಲ್ಲಿ ನ್ಯೂಯಾರ್ಕಿನ ಭಾಷಣದಲ್ಲಿ ಅವರು ಹೇಳಿದ್ದರು, ಮುಂದೊಂದು ದಿನ ಬರಡು ನೆಲದಲ್ಲೇ ಹೊಗೆಯಿಲ್ಲದ ಕೈಗಾರಿಕೆ ಏಳುತ್ತದೆ, ಬಿಸಿಲೇ ಅದರ ಕಲ್ಲಿದ್ದಲು ಅಂತ. ಬರಡು ನೆಲ, ಬಿಸಿಲು: ಚಳ್ಳಕೆರೆಗಿಂತ ಶ್ರೀಮಂತರು ಯಾರಿದ್ದಾರೆ? ಬಿಸಿಲನ್ನು ಅಣುವಿನೊಳಗೇ ಹಿಡಿದಿಟ್ಟು ಬೇಕಾದಾಗ ಶಾಖವಾಗಿ ಬಿಡಿಸುವ ಕೆಲಸ ಈಗ ಸ್ವೀಡನ್ನಿನ ಲ್ಯಾಬಿನಲ್ಲಿ ನಡೆದಿದೆ. ಬಿಸಿಲಿಗೆ ಬಡವರು ಅವರು. ನಾವು ಬಿಸಿಲು ಜಾಸ್ತಿ ಅಂತ ಫ್ಯಾನ್ ಹಾಕಿಕೊಂಡು ಕೂತಿದ್ದೇವೆ.

ಈಗ ನನ್ನ ನಿಜವಾದ ತಕರಾರು. ಅಣ್ಣನ ಮಗ ನಮ್ಮೂರಿನ ಒಂದು ಪಿಯು ಕಾಲೇಜಿನಲ್ಲಿ ಓದಿದ. ಫೀಸು ಕೇಳಿದರೆ ತಲೆ ತಿರುಗುತ್ತದೆ. ಎರಡು ವರ್ಷ ನೀಟ್ ಕೋಚಿಂಗ್, ಲ್ಯಾಬಿಗೆ ಬೀಗ. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ವಾರ ಮೊದಲ ಸಲ ಬ್ಯೂರೆಟ್ ಮುಟ್ಟಿದ. ರೀಡಿಂಗ್ ಮೊದಲೇ ರೆಕಾರ್ಡಿನಲ್ಲಿ ಬರೆಸಿದ್ದರು. ಬಂದದ್ದು ಮೂವತ್ತಕ್ಕೆ ಮೂವತ್ತು. ಈ ಗೋಲ್‌ಮಾಲ್ ಎಲ್ಲ ತಂದೆತಾಯಿಗಳಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಮೇಷ್ಟ್ರುಗಳನ್ನು ಕೂರಿಸಿ, ಅವರ ಕೈಯಲ್ಲೇ ಪ್ರಯೋಗ ಮಾಡಿಸಿ ಕಳಿಸುತ್ತಾರೆ. ವಾಪಸ್ ಬಂದವರಿಗೆ ಲ್ಯಾಬಿನ ಬೀಗದ ಕೈ ಕೊಡುವವರು ಯಾರು? ಹಾಗಿರುವಾಗ ಸಂಬಳದ ಕೆಲಸ ಬಿಟ್ಟು ಫ್ಲಾಸ್ಕ್ ಹಿಡಿಯುತ್ತೇನೆ ಅನ್ನುವ ಮಗಳು ನಿಮ್ಮ ಮನೆಯಲ್ಲಿದ್ದಾಳೆ. ನೀವು ನನ್ನನ್ನು ಬೈಯುತ್ತೀರಿ!

ಆಕೆ ಪಿಎಚ್‌ಡಿಗೆ ಬೇಕಾದ ಪರೀಕ್ಷೆ ಬರೆಯಲಿ, ನೆಟ್ ಆಗಲಿ, ಗೇಟ್ ಆಗಲಿ. ಒಂದು ವರ್ಷ ತಡೆಯಿರಿ, ಔಷಧ ಕಂಪನಿ ಎಲ್ಲಿಗೂ ಓಡಿಹೋಗುವುದಿಲ್ಲ. ಗೈಡ್ ಆರಿಸುವ ಮುಂಚೆ ಅವರ ಹಳೇ ವಿದ್ಯಾರ್ಥಿಗಳ ಜೊತೆ ಮಾತಾಡಲು ಹೇಳಿ. ಬಾಕಿ ಓದುಗರಿಗೂ ಒಂದು ಮಾತು: ನಿಮ್ಮ ಮಕ್ಕಳು ಈ ವರ್ಷ ಕಾಲೇಜಿನ ಲ್ಯಾಬಿನಲ್ಲಿ ತಮ್ಮ ಕೈಯಾರೆ ಏನು ಮಾಡಿದರು ಅಂತ ಬರೆದು ಕಳಿಸಿ. ಕಾಲೇಜಿನ ಹೆಸರು ಬೇಡ. ಏನೂ ಮಾಡಿಲ್ಲ ಅಂದರೂ ಬರೆಯಿರಿ, ಅದನ್ನೂ ಹಾಕುತ್ತೇವೆ.