ನೋಡೋಕೆ ಒಂದೇ ಥರ ಇದ್ದರೆ ಒಂದೇ ಪದರನಾ?

ಪ್ರಶ್ನೆ: ಹತ್ತು ಕಿಲೋಮೀಟರ್ ಅಂತರದಲ್ಲಿ ಎರಡು ಕಡೆ ಭೂಮಿ ಕೊರೆದಿದ್ದಾರೆ ಅಂದುಕೊಳ್ಳಿ. ಒಂದರಲ್ಲಿ 300 ಮೀಟರ್‌ಗೆ ಮರಳುಗಲ್ಲು ಸಿಕ್ಕಿದೆ, ಇನ್ನೊಂದರಲ್ಲಿ 450ಕ್ಕೆ. ಇವೆರಡೂ ಒಂದೇ ಪದರ ಅಂತ ಹೇಗೆ ಗೊತ್ತಾಗುತ್ತದೆ? ಪಳೆಯುಳಿಕೆ ನೋಡಿ ಹೇಳುತ್ತಾರಂತೆ. ಆದರೆ ಕೊರೆಯುವಾಗ ಅದೆಲ್ಲ ಪುಡಿಯಾಗಲ್ವಾ?

ಉತ್ತರ: ದೊಡ್ಡದೆಲ್ಲ ಪುಡಿಯಾಗುತ್ತದೆ, ನಿಮ್ಮ ಅನುಮಾನ ಸರಿ. ಡ್ರಿಲ್‌ನ ಹಲ್ಲಿಗೆ ಸಿಕ್ಕಿದ ಶಂಖ, ಚಿಪ್ಪು ಉಳಿಯುವುದು ಕಷ್ಟ. ಉಳಿಯುವುದು ತೀರಾ ಸಣ್ಣವು. ಫೊರಾಮಿನಿಫೆರಾ ಎಂಬ ಒಂದೇ ಕೋಶದ ಜೀವಿಗಳಿವೆ, ಅವುಗಳಲ್ಲಿ ಎಷ್ಟೋ ಜಾತಿಗಳು ಸುಣ್ಣದ ಗೂಡು ಕಟ್ಟಿಕೊಂಡು ಸಮುದ್ರದಲ್ಲಿ ಬದುಕುತ್ತವೆ, ಸತ್ತ ಮೇಲೆ ಆ ಗೂಡು ತಳದ ಹೂಳಿಗೆ ಸೇರುತ್ತದೆ. ಹೆಚ್ಚಿನವು ಒಂದು ಮಿಲಿಮೀಟರ್‌ಗಿಂತ ಚಿಕ್ಕವು. ಉಗುರಿನಷ್ಟು ಕಲ್ಲಿನ ಚೂರಲ್ಲೂ ಹತ್ತಾರು ಗೂಡು ಇಡಿಯಾಗಿ ಸಿಗಬಹುದು.

ಕೊರೆಯುವಾಗ ಮೇಲೆ ಬಂದ ಚೂರುಗಳನ್ನು ನೀರಲ್ಲಿ ನೆನೆಸಿ, 63 ಮೈಕ್ರಾನ್ (0.063 ಮಿಲಿಮೀಟರ್) ಕಣ್ಣಿನ ಜರಡಿಯಲ್ಲಿ ತೊಳೆದು, ಒಣಗಿಸಿ, ಕಪ್ಪು ತಟ್ಟೆಯ ಮೇಲೆ ತೆಳ್ಳಗೆ ಉದುರಿಸುತ್ತಾರೆ. ಆಮೇಲೆ ಮೈಕ್ರೊಸ್ಕೋಪ್ ಕೆಳಗೆ, ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಿಂದ ಒಂದೊಂದೇ ಗೂಡನ್ನು ಎತ್ತುವ ಕೆಲಸ. ಗ್ಲೋಬೊಟ್ರಂಕಾನಾ ಅನ್ನುವ ಫೊರಾಮಿನಿಫೆರಾ ಬಗೆಯನ್ನು ಅದರ ಗೂಡಿನ ಅಂಚಿನಲ್ಲಿರುವ ಎರಡು ಏಣುಗಳಿಂದ ಗುರುತಿಸಬಹುದು. ಡೈನೋಸಾರ್‌ಗಳು ಅಳಿದ ಕಾಲದಲ್ಲೇ, ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಅದೂ ಅಳಿಯಿತು.

ಈಗ ನಿಮ್ಮ ಮರಳುಗಲ್ಲಿಗೆ ಬರೋಣ. ಕಲ್ಲು ಒಂದೇ ಥರ ಇದ್ದ ಮಾತ್ರಕ್ಕೆ ವಯಸ್ಸು ಒಂದೇ ಆಗಬೇಕಿಲ್ಲ. ಸಮುದ್ರ ನಿಧಾನವಾಗಿ ನೆಲದ ಕಡೆ ಏರುತ್ತಾ ಹೋದರೆ ದಂಡೆಯೂ ಜೊತೆಗೇ ಸರಿಯುತ್ತದೆ, ಮರಳೂ ಸರಿಯುತ್ತದೆ. ಹಾಗಾಗಿ ಒಂದೇ ಹಾಸಿನಂತೆ ಕಾಣುವ ಮರಳು ಒಂದು ತುದಿಯಲ್ಲಿ ಹಳೆಯದು, ಇನ್ನೊಂದು ತುದಿಯಲ್ಲಿ ಲಕ್ಷಾಂತರ ವರ್ಷ ಹೊಸದು ಇರಬಹುದು. ಜೀವಜಾತಿ ಹಾಗಲ್ಲ, ಒಮ್ಮೆ ಅಳಿದರೆ ಮತ್ತೆ ಹುಟ್ಟುವುದಿಲ್ಲ. ಕಾಲುವೆ ಅಗೆತದ ಸರ್ವೆ ಮಾಡುತ್ತಿದ್ದ ವಿಲಿಯಂ ಸ್ಮಿತ್, ಪ್ರತಿ ಪದರಕ್ಕೂ ಅದರದೇ ಪಳೆಯುಳಿಕೆಗಳಿವೆ ಅನ್ನುವುದನ್ನು ನಂಬಿಕೊಂಡು 1815ರಲ್ಲಿ ಇಂಗ್ಲೆಂಡಿನ ಭೂಪದರಗಳ ನಕ್ಷೆ ತಂದ.

ಹೀಗೆ ಕೊರೆದ ಬಾವಿಯಲ್ಲಿ ಒಂದು ತೊಡಕಿದೆ, ನನಗೆ ತುಂಬಾ ಇಷ್ಟವಾದ ವಿಷಯವೂ ಇದೇ. ಕೊರೆಯುತ್ತಿರುವಾಗ ಮೇಲಿನ ಗೋಡೆ ಕುಸಿದು, ಹೊಸ ಪದರದ ಗೂಡುಗಳು ಕೆಳಗಿನ ಚೂರುಗಳ ಜೊತೆ ಬೆರೆತುಬಿಡುತ್ತವೆ. ಆದ್ದರಿಂದ ಒಂದು ಜಾತಿ ಯಾವಾಗ ಹುಟ್ಟಿತು ಅನ್ನುವುದನ್ನು ಚೂರು ನೋಡಿ ನಂಬುವ ಹಾಗಿಲ್ಲ. ಆದರೆ ಮೇಲಿನ ಪದರ ಹೊಸದು, ಕೆಳಗಿನದು ಹಳೆಯದು ಆದ್ದರಿಂದ ಮೇಲಿಂದ ಇಳಿಯುವಾಗ ಅದು ಮೊದಲ ಸಲ ಕಂಡ ಆಳ, ಅಂದರೆ ಅದು ಅಳಿದ ಕಾಲ, ಕುಸಿತದಿಂದ ಕೆಡುವುದಿಲ್ಲ. ಇಂಥ ಬಾವಿಗಳಲ್ಲಿ ಸಾಮಾನ್ಯವಾಗಿ ಗುರುತು ಹಾಕುವುದು ಅದನ್ನೇ. ಹಳೆಯ ಕಲ್ಲು ಸವೆದು ಅದರ ಗೂಡುಗಳು ಹೊಸ ಹೂಳಿಗೆ ಸೇರಿದ್ದರೆ ಮಾತ್ರ ಮೋಸ ಹೋಗಬಹುದು. ಅಂಥವು ಸಾಮಾನ್ಯವಾಗಿ ಸವೆದು ಬಣ್ಣಗೆಟ್ಟಿರುತ್ತವೆ.

ಎರಡು ಬಾವಿಗಳನ್ನು ಹೊಂದಿಸಲು 1964ರಲ್ಲಿ ಭೂವಿಜ್ಞಾನಿ ಅಲನ್ ಶಾ ಒಂದು ಸರಳ ದಾರಿ ತೋರಿಸಿದರು. ಒಂದು ಬಾವಿಯ ಆಳ ಅಡ್ಡಕ್ಕೆ, ಇನ್ನೊಂದರದು ಉದ್ದಕ್ಕೆ. ಪ್ರತಿ ಜಾತಿಗೂ, ಅದು ಎರಡೂ ಬಾವಿಗಳಲ್ಲಿ ಮೊದಲು ಕಂಡ ಆಳಗಳು ಕೂಡುವಲ್ಲಿ, ಒಂದು ಚುಕ್ಕಿ. ಚುಕ್ಕಿಗಳು ಗೆರೆಯಾಗಿ ಕೂತರೆ ಹೊಂದಿಕೆ ಸಿಕ್ಕಿತು. ಗೆರೆ ನಡುವೆ ಮೆಟ್ಟಿಲಿನ ಹಾಗೆ ಸಮತಟ್ಟಾದರೆ ಒಂದು ಬಾವಿಯಲ್ಲಿ ಆ ಕಾಲದ ಹೂಳು ಕೊಚ್ಚಿಹೋಗಿದೆ, ಇಲ್ಲವೇ ತೀರಾ ನಿಧಾನವಾಗಿ ಬಿದ್ದಿದೆ.

ಇಷ್ಟರಿಂದ ಸಿಗುವುದು ಹಿಂದು ಮುಂದಿನ ಕ್ರಮ. ವರ್ಷದ ಲೆಕ್ಕ ಬೇಕಾದರೆ ನಡುವೆ ಸಿಗುವ ಜ್ವಾಲಾಮುಖಿ ಬೂದಿಯ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ, ಮತ್ತು ಅದು ಕಾಲಕ್ರಮೇಣ ಮಾರ್ಪಟ್ಟು ಆಗುವ ಸೀಸ, ಇವೆರಡರ ಪ್ರಮಾಣ ಅಳೆಯುತ್ತಾರೆ.

ನಿಮ್ಮ ಮರಳಲ್ಲಿ ಗೂಡುಗಳು ಕಡಿಮೆ ಇರಬಹುದು. ಅದರ ಮೇಲಿನ ಮತ್ತು ಕೆಳಗಿನ ಜೇಡಿ ಪದರ ತೊಳೆದು ನೋಡಿ. ಎರಡೂ ಬಾವಿಗಳಲ್ಲಿ ಮೇಲೆ ಅದೇ ಜಾತಿ, ಕೆಳಗೆ ಅದೇ ಜಾತಿ, ಎರಡನೆಯದರಲ್ಲಿ ಎಲ್ಲವೂ ಸುಮಾರು 150 ಮೀಟರ್ ತಗ್ಗಿನಲ್ಲಿ ಕಂಡರೆ ಪದರ ಒಂದೇ, ಅದು ಓರೆಯಾಗಿದೆ ಅಥವಾ ನಡುವೆ ಬಿರುಕು ಬಿಟ್ಟು ಜಾರಿದೆ.