ಕಲ್ಲಿನ ಶಿಲ್ಪದಲ್ಲಿ ಮನಸ್ಸನ್ನು ತೋರಿಸೋಕೆ ಆಗುತ್ತಾ?

ಖಂಡಿತ ಆಗುತ್ತದೆ. ಹಾಸನದಿಂದ ಬೇಲೂರಿನ ಬಸ್ಸು ಹತ್ತಿ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಸೂರಿನಡಿ ಓರೆಯಾಗಿ ನಿಂತ ಮದನಿಕೆಯರು, ಅಂದರೆ ಕಲ್ಲಿನ ಸುಂದರಿಯರು, ಇದ್ದಾರೆ, ತಲೆ ಎತ್ತಿಯೇ ನೋಡಬೇಕು, ಕುತ್ತಿಗೆ ನೋಯುತ್ತದೆ. ದರ್ಪಣ ಸುಂದರಿಯ ಎದುರು ಯಾವಾಗಲೂ ಜನ ಜಾಸ್ತಿ. ಎಲ್ಲರೂ ಅವಳ ಒಡವೆ ನೋಡುತ್ತಾರೆ, ಅವಳು ಮಾತ್ರ ಕನ್ನಡಿಯೊಳಗೆ ಮುಳುಗಿದ್ದಾಳೆ, ಕೆಳಗೆ ನಾವು ನಿಂತಿದ್ದೇವೆ ಅನ್ನೋ ಪರಿವೆಯೇ ಇಲ್ಲ. ನನಗೆ ಇನ್ನೂ ಇಷ್ಟ ಅಂದರೆ ಕೋತಿಯೊಂದು ಸೀರೆ ಎಳೆಯುತ್ತಿರುವ ಮದನಿಕೆ. ಹೊಡೆಯೋಕೆ ಕೊಂಬೆ ಎತ್ತಿದ್ದಾಳೆ, ಆದರೆ ಮುಖದಲ್ಲಿ ಇರುವುದು ಸಿಟ್ಟೋ ನಾಚಿಕೆಯೋ ಅಥವಾ ಸುಮ್ನೆ ತಮಾಷೆಯೋ, ನಾಲ್ಕು ಸಲ ಹೋದರೂ ನನಗೆ ತೀರ್ಮಾನ ಆಗಿಲ್ಲ. ನಮ್ಮ ಮನಸ್ಸೂ ಹಾಗೇ ಅಲ್ವಾ? ಮೆತ್ತನೆ ಬಳಪದ ಕಲ್ಲಾದ್ದರಿಂದ ಉಳಿ ಅಷ್ಟು ನಾಜೂಕಾಗಿ ಓಡಿದೆ.