ನಿದ್ದೆಯಲ್ಲಿ ಬಿದ್ದ ಪೆಟ್ಟು

ಕುಮಟಾ ಕಡೆಯ ಹೆಂಗಸು, ಐವತ್ತೈದರ ಆಸುಪಾಸು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕಾರವಾರಕ್ಕೆ ಬಂದು ನನ್ನೆದುರು ಕೂತವರು ಮೊದಲು ತೋರಿಸಿದ್ದು ತೋಳಿನ ಮೇಲಿನ ಕಂದಿದ ಗಾಯ.

“ಅಕ್ಕೋರೇ, ಇಷ್ಟು ವರ್ಷ ಕೈ ಎತ್ತದ ನಮ್ಮನೆಯವರು ಈಗ ರಾತ್ರಿ ನಿದ್ದೇಲಿ ಹೊಡೀತಾರೆ. ಬೆಳಿಗ್ಗೆ ಕೇಳಿದ್ರೆ ‘ನಾನಾ?’ ಅಂತಾರೆ.”

ನೆಂಟರ ಪ್ರಕಾರ ಇದು ಒಳಗಿನ ಸಿಟ್ಟು, ಇಲ್ಲವೇ ಗಾಳಿ ಸೋಂಕು.

ಇಂಥವರನ್ನು ಒಬ್ಬರನ್ನೇ ಕೂರಿಸಿ ನಾನು ಮೊದಲು ಕೇಳುವುದು ಹಗಲಿನ ಬಗ್ಗೆ. ಬೈಗುಳ, ಹೊಡೆತ, ಹೆದರಿಕೆ ಏನೂ ಇರಲಿಲ್ಲ. ಆಮೇಲೆ ಹೊತ್ತು ಕೇಳಿದೆ. ಯಾವಾಗಲೂ ಬೆಳಗಿನ ಜಾವ. ಕೂಗಿದರೆ ತಟ್ಟನೆ ಎಚ್ಚರ. ಹೊಡೆದದ್ದು ಗೊತ್ತಿಲ್ಲ, ಕನಸು ಮಾತ್ರ ನೆನಪು. ಯಾರೋ ರಂಪಣಿ ಅನ್ನುವ ದೊಡ್ಡ ಮೀನುಬಲೆಯ ಹಗ್ಗ ಕಿತ್ತುಕೊಳ್ಳುತ್ತಿದ್ದರಂತೆ, ಇವರು ಬಿಡಲಿಲ್ಲವಂತೆ. ಆ ಹಗ್ಗ ಹೆಂಡತಿಯ ತೋಳು!

ಕನಸು ಜಾಸ್ತಿ ಬೀಳುವ ನಿದ್ದೆಗೆ ರೆಮ್ ಅನ್ನುತ್ತಾರೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ. 1953ರಲ್ಲಿ ಶಿಕಾಗೋದ ಸಂಶೋಧಕರಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ಪ್ರಕಟಿಸಿದರು. ಸುಮಾರು 90 ನಿಮಿಷಕ್ಕೊಮ್ಮೆ ಬರುವ ಈ ಹಂತ ಬೆಳಗಾಗುತ್ತ ಉದ್ದವಾಗುತ್ತದೆ. ಆಗ ಮಿದುಳಿನ ಕಾಂಡ ಕೈಕಾಲಿನ ಸ್ನಾಯುಗಳಿಗೆ ತಡೆ ಹಾಕುತ್ತದೆ. ಅದಕ್ಕೇ ಕನಸಲ್ಲಿ ಎಷ್ಟು ಓಡಿದರೂ ನಾವು ಚಾಪೆ ಬಿಟ್ಟು ಏಳುವುದಿಲ್ಲ. ತಡೆ ಕೆಟ್ಟರೆ ಕನಸಿನ ಗುದ್ದು ಪಕ್ಕದವರ ಮೇಲೆ ಬೀಳುತ್ತದೆ. ಐವತ್ತು ದಾಟಿದ ಗಂಡಸರಲ್ಲಿ ಇದು ಹೆಚ್ಚು. ಗೊರಕೆ, ಉಸಿರು ಕಟ್ಟುವ ತೊಂದರೆಯಿಂದಲೂ ಹೀಗೆ ಕಾಣಬಹುದು. ಪರೀಕ್ಷೆ ಆಗದೆ ಹೇಳಲು ಬರುವುದಿಲ್ಲ.

ಮುಂದಿನ ಸಲ ಇಬ್ಬರೂ ಬಂದರು. ಸದ್ಯಕ್ಕೆ ಬೇರೆ ಬೇರೆ ಮಲಗಿ ಅಂದೆ. ಊರವರು ಏನಂದಾರು ಅಂತ ಅವರು ಮುಖ ಸಣ್ಣ ಮಾಡಿದರು. ಪೆಟ್ಟು ತಿನ್ನೋದು ಊರವರಲ್ಲ, ಅಲ್ವಾ? ಗಂಡನಿಗೆ ನೆಲದ ಮೇಲೆ ಹಾಸಿಗೆ, ಹತ್ತಿರ ಕತ್ತಿ, ಗಾಜು ಇರಬಾರದು. ಮಗ ಮೊಬೈಲಲ್ಲಿ ವಿಡಿಯೊ ಮಾಡಲಿ, ವೈದ್ಯರಿಗೆ ತುಂಬ ಉಪಯೋಗ. ಖಿನ್ನತೆಯ ಕೆಲವು ಮಾತ್ರೆಗಳೂ ಇದನ್ನು ಹೆಚ್ಚಿಸುತ್ತವೆ. ತಗೊಳ್ಳುವ ಔಷಧಿಯನ್ನೆಲ್ಲ ತೋರಿಸಿ, ಸುಮ್ನೆ ನೀವೇ ನಿಲ್ಲಿಸಬೇಡಿ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿ ನರರೋಗ ತಜ್ಞರನ್ನು ಕಾಣಿ.

ಅನೇಕರಲ್ಲಿ ಇದು ವರ್ಷಗಳ ನಂತರ ಬರುವ ಪಾರ್ಕಿನ್‌ಸನ್‌ನಂಥ (ಕೈ ನಡುಗುವ, ನಡೆ ನಿಧಾನವಾಗುವ) ಮಿದುಳಿನ ಕಾಯಿಲೆಯ ಮುನ್ಸೂಚನೆ. ಹೆದರಿಸಲು ಮನಸ್ಸಿರಲಿಲ್ಲ. ಆದರೆ ಮುಚ್ಚಿಟ್ಟರೆ ತಜ್ಞರ ಭೇಟಿಯನ್ನು ಮುಂದೂಡುತ್ತಲೇ ಇರುತ್ತಾರೆ. ಇಬ್ಬರಿಗೂ ಹೇಳಿದೆ.

ಮೀನುಗಾರಿಕೆ ಬೋಟು ನಿಲ್ಲುವ ಜೂನ್‌ನಲ್ಲಿ ಹೋಗ್ತೇನೆ ಅಂದರು ಅವರು. ಈ ತಿಂಗಳೇ ಹೋಗಿ, ಅಲ್ಲಿಯವರೆಗೆ ರಾತ್ರಿ ಬೋಟಿನಲ್ಲಿ ಮಲಗುವ ಕೆಲಸ ಬೇಡ ಅಂದೆ. ಅದಕ್ಕೆ ಹೆಂಡತಿಯೇ ಮೊದಲು ತಲೆ ಆಡಿಸಿದರು.